ಮಂದ್ರ ಪಂಚಮದ ಪಕ್ಕದಲ್ಲೊಂದು ಗುಂಯ್‌ಕಾರ

ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ಲಿನ ವಿದ್ಯುತ್ ಪೂರೈಕೆಯನ್ನು ಬೇರೊಂದು ಪೆಟ್ಟಿಗೆಯಲ್ಲಿ ಹೊರಗಿಡುವುದು ಹವ್ಯಾಸಿಗಳು ಹುಟ್ಟಿಸಿದ ಗೀಳಲ್ಲ. ಟೆಕ್ನಿಕ್ಸ್ ಎಸ್‌ಪಿ-10ರ ಎರಡನೆಯ ಆವೃತ್ತಿಯು ಎಸ್‌ಎಚ್-10ಇ ಎಂಬ ಪ್ರತ್ಯೇಕ ಪೆಟ್ಟಿಗೆಯೊಡನೆಯೇ ಬಂದಿತ್ತು, 2018ರ ಎಸ್‌ಪಿ-10ಆರ್ ಕೂಡ ಅದೇ ಜಾಡು ಹಿಡಿಯಿತು. ಹೆಚ್ಚು ಮನೆಗಳನ್ನು ಸೇರಿದ 1979ರ ಎಸ್‌ಎಲ್-1200 ಎಂಕೆ2 ಮಾತ್ರ ಟ್ರಾನ್ಸ್‌ಫಾರ್ಮರನ್ನು ತನ್ನ ಒಡಲಲ್ಲೇ ಇರಿಸಿಕೊಂಡಿತು.

ಪೆಟ್ಟಿಗೆ ಹೊರಗೆ ಹೋದರೆ ವೇಗ ಸ್ಥಿರವಾಗುತ್ತದೆ ಎಂಬ ಮಾತು ಬೆಲ್ಟ್ ಪಂಥದಿಂದ ಬಂದ ಎರವಲು. ಎ.ಸಿ. ಸಿಂಕ್ರೊನಸ್ ಮೋಟಾರಿನ ಬೆಲ್ಟ್ ಯಂತ್ರದಲ್ಲಿ ವೇಗವು ಪೂರೈಕೆಯ ಆವರ್ತನವನ್ನು ಅವಲಂಬಿಸುವುದರಿಂದ ಅಲ್ಲಿ ಅದು ನಿಜ. ಆದರೆ ಕ್ವಾರ್ಟ್ಜ್ ಹರಳಿನ ಕಂಪನವನ್ನು ಅಳತೆಗೋಲಾಗಿ ಹಿಡಿದು 33⅓ ಸುತ್ತುಗಳನ್ನು ಕಾಯ್ದುಕೊಳ್ಳುವ ಯಂತ್ರಕ್ಕೆ ಅದನ್ನು ಅನ್ವಯಿಸುವುದು ಸಲ್ಲದು. ಇಲ್ಲಿನ ಲಾಭವೇ ಬೇರೆ, ಅದು ಗುಂಯ್‌ಕಾರಕ್ಕೆ ಸಂಬಂಧಿಸಿದ್ದು.

ಮುಂಬಯಿಯ ಮುಲುಂಡ್‌ನಲ್ಲಿರುವ ಕೇಳುಗರಿಗೆ, ನಗರದ ಬಹುಭಾಗದಂತೆ ಬೆಸ್ಟ್, ಟಾಟಾ ಅಥವಾ ಅದಾನಿಯಿಂದಲ್ಲ, ಮಹಾವಿತರಣದಿಂದ ವಿದ್ಯುತ್ ಬರುವುದರಿಂದ ಗುಂಯ್‌ಕಾರದ ದೋಷವನ್ನು ತಂತಿಯ ಮೇಲೆ ಹೊರಿಸುವುದು ಸುಲಭ. ಆದರೆ ಎಲ್ಲೆಡೆಯೂ ಅದೇ 50 ಹರ್ಟ್ಸ್. ದೋಷವಿರುವುದು ಸಾಮೀಪ್ಯದಲ್ಲಿ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವು ಕೆಲವೇ ಮಿಲಿವೋಲ್ಟ್ ಹೊಮ್ಮಿಸುವ ಕಾರ್ಟ್ರಿಜ್ಜಿನ ಸುರುಳಿಯಲ್ಲಿ 50 ಹರ್ಟ್ಸನ್ನು ಮೂಡಿಸಿದರೆ, ಅದರ ಕಬ್ಬಿಣದ ತಿರುಳು ಪ್ರತಿ ಆವರ್ತಕ್ಕೆ ಎರಡು ಬಾರಿ ಹಿಗ್ಗಿ ಕುಗ್ಗುವುದರಿಂದ ಹುಟ್ಟುವ 100 ಹರ್ಟ್ಸ್ ಕಂಪನವು ಚೌಕಟ್ಟಿನ ಮೂಲಕ ಸೂಜಿಯನ್ನು ಮುಟ್ಟುತ್ತದೆ. ತಟ್ಟೆಯಲ್ಲಿ ತಗ್ಗಿಸಿ ಕೊರೆದ ಮಂದ್ರಧ್ವನಿಯನ್ನು ಮರಳಿ ಎತ್ತುವ ಆರ್‌ಐಎಎ ಸಮೀಕರಣವು, ಮಧ್ಯದ 1,000 ಹರ್ಟ್ಸ್‌ಗೆ ಹೋಲಿಸಿದರೆ, 50 ಹರ್ಟ್ಸನ್ನು ಸುಮಾರು ಏಳು ಪಟ್ಟು, 100 ಹರ್ಟ್ಸನ್ನು ನಾಲ್ಕೂವರೆ ಪಟ್ಟು ಹಿಗ್ಗಿಸುತ್ತದೆ.

ಡೋಲು, ಗಿಟಾರುಗಳ ಅಬ್ಬರದಲ್ಲಿ ಇದು ಮುಚ್ಚಿಹೋಗಬಹುದು, ತಂಬೂರಿಯೆದುರು ಮುಚ್ಚದು. ಹಿಂದೂಸ್ತಾನಿಯ ಗಂಡುಧ್ವನಿಗೆ ಸಾಮಾನ್ಯವಾದ ಕರಿ ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ) ಷಡ್ಜ ಸುಮಾರು 138.6 ಹರ್ಟ್ಸ್, ಹಾಗಾದರೆ ತಂಬೂರಿಯ ಮೊದಲ ತಂತಿಯಾದ ಮಂದ್ರ ಪಂಚಮವು 104ರ ಸಮೀಪ ನಿಲ್ಲುತ್ತದೆ. ಅದರ ಪಕ್ಕದಲ್ಲೇ 100 ಹರ್ಟ್ಸ್ ನುಡಿದಾಗ ಪಂಚಮವೂ ಅಲ್ಲದ, ತೀವ್ರ ಮಧ್ಯಮವೂ ಅಲ್ಲದ ಸ್ವರವೊಂದು ಕೂತು, ಸೆಕೆಂಡಿಗೆ ನಾಲ್ಕು ಬಾರಿ ಅಲೆಯುತ್ತದೆ. ಮಲ್ಲಿಕಾರ್ಜುನ ಮನಸೂರರ ತಟ್ಟೆಯಲ್ಲಾಗಲಿ, ಗಂಟಲಿನ ಚಿಕಿತ್ಸೆಯ ಬಳಿಕ ಧ್ವನಿ ಕೆಳಗಿಳಿದ ಗಂಗೂಬಾಯಿ ಹಾನಗಲ್ಲರ ತಟ್ಟೆಯಲ್ಲಾಗಲಿ, ಎರಡು ಆಲಾಪಗಳ ನಡುವೆ ಗಾಯಕರು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ತಂಬೂರಿ ಒಂಟಿಯಾಗಿ ನುಡಿಯುವಷ್ಟು ಹೊತ್ತು ಕೇಳಿದರೆ ಸಾಕು, ಯಂತ್ರದ ಪರೀಕ್ಷೆ ಮುಗಿಯುತ್ತದೆ. ಹಾಡುಗಾರಿಕೆಯ ಶ್ರುತಿಗೆ ಪ್ರಾಣವನ್ನೇ ಒತ್ತೆಯಿಟ್ಟವರ ಧ್ವನಿಮುದ್ರಿಕೆಗೆ ಅಪಶ್ರುತಿ ಬೆರೆಸುವುದು ಸಣ್ಣ ತಪ್ಪಲ್ಲ.

ಪೆಟ್ಟಿಗೆ ಮಾಡಿಸುವ ಮುನ್ನ ದೋಷದ ಮೂಲವನ್ನು ಗುರುತಿಸಬೇಕು. ಯಂತ್ರಕ್ಕೆ ವಿದ್ಯುತ್ ಕೊಟ್ಟು, ಸೂಜಿಯನ್ನು ತಾಗಿಸದೆ ಟೋನ್‌ಆರ್ಮನ್ನು ತಟ್ಟೆಯ ಅಂಚಿನಿಂದ ನಡುವಿಗೆ ಸರಿಸಿದಾಗ ಗುಂಯ್‌ಕಾರ ಏರಿಳಿದರೆ ಅದು ಕಾಂತಕ್ಷೇತ್ರದ್ದು. ನಿಂತ ತಟ್ಟೆಯ ಮೇಲೆ ಸೂಜಿ ಇಳಿಸಿದಾಗ ಮಾತ್ರ ಕೇಳಿದರೆ ಕಂಪನದ್ದು. ಭೂಸಂಪರ್ಕದ ತಂತಿಯನ್ನು ಬಿಗಿಮಾಡಿದೊಡನೆ ನಿಂತರೆ ಪೆಟ್ಟಿಗೆಯೇ ಬೇಡ. ಬೇಕಾದರೆ ಟ್ರಾನ್ಸ್‌ಫಾರ್ಮರನ್ನು ಒಂದು ಮೀಟರಿನಷ್ಟು ದೂರದ ಲೋಹದ ಪೆಟ್ಟಿಗೆಗೆ ಸಾಗಿಸಿ, 230 ವೋಲ್ಟಿನ ತಂತಿಯು ಅಲ್ಲಿಂದ ಮುಂದೆ ಬಾರದಂತೆ ನೋಡಿಕೊಂಡು, ಆ ಲೋಹಕ್ಕೆ ಭೂಸಂಪರ್ಕವನ್ನು ತಪ್ಪದೆ ಕೊಡಬೇಕು.