ನೀರುಗಂಟಿ ಇಲ್ಲದ ಕಾಲುವೆ

ಗದ್ವಾಲ, ಮಕ್ತಲ ಕಡೆ ಜುರಾಲಾ ಕಾಲುವೆ ನೋಡಿ ಬೆಳೆದವರಿಗೆ ಮಲ್ಟಿಕಾಸ್ಟ್, ಅಂದರೆ ಒಂದೇ ಹರಿವನ್ನು ಬೇಡಿದ ಹಲವರಿಗೆ ಒಟ್ಟಿಗೆ ಕಳಿಸುವುದನ್ನು, ತಿಳಿಸುವುದು ಕಷ್ಟವಲ್ಲ. ತೂಬು ಎತ್ತಿ ಸುಮ್ಮನಿದ್ದರೆ ನೀರು ಬೇಡಿದವನ ಗದ್ದೆಗೂ ಹೋಗುತ್ತದೆ, ಬೇಡದವನ ಶೇಂಗಾ ಹೊಲಕ್ಕೂ ನುಗ್ಗುತ್ತದೆ. ನೆಟ್‌ವರ್ಕ್ ಸ್ವಿಚ್ಚಿನ ಹುಟ್ಟುಗುಣವೂ ಇದೇ: ಮಲ್ಟಿಕಾಸ್ಟ್ ಬಂದರೆ ಎಲ್ಲ ಪೋರ್ಟಿಗೂ ಸುರಿಯುವುದು. ತೆಲಂಗಾಣದಲ್ಲಿ ಮಿಷನ್ ಭಗೀರಥದ ಕುಡಿಯುವ ನೀರಿನ ಪೈಪಿನ ಜೊತೆಗೇ ಟಿ-ಫೈಬರ್ ಕೇಬಲ್ಲನ್ನೂ ಹೂಳಿದ್ದಾರಲ್ಲ, ಹಾಗಾಗಿ ಈ ಹೋಲಿಕೆ ನನ್ನ ಕಸರತ್ತೇನಲ್ಲ.

ಮಕ್ತಲದ ಓಣಿಯೊಂದಕ್ಕೆ ಫೈಬರ್ ಮೇಲೆ ಟಿವಿ ಕೊಡುತ್ತೀರಿ ಎನ್ನಿ. ಒಂದು ಮನೆಗೆ ಕನ್ನಡ ವಾರ್ತೆ ಬೇಕು, ಎದುರುಮನೆಗೆ ತೆಲುಗು ಸೀರಿಯಲ್ಲು. ಚಾನೆಲ್ಲಿಗೆ 5 ಎಂಬಿಪಿಎಸ್ ಹಿಡಿದರೂ 60 ಚಾನೆಲ್ ಒಟ್ಟಿಗೆ ಸುರಿದರೆ 300 ಆಯಿತು; 100ರ ಪೋರ್ಟು ಅಲ್ಲೇ ಕಟ್ಟಿಕೊಂಡಿತು.

ಇದಕ್ಕೆ ಮದ್ದು ಐಜಿಎಂಪಿ ಸ್ನೂಪಿಂಗ್. ಸ್ಟೀವ್ ಡೀರಿಂಗ್ 1989ರಲ್ಲಿ ಬರೆದ ಆರ್‌ಎಫ್‌ಸಿ 1112 ಎಂಬ ಇಂಟರ್ನೆಟ್ ನಿಯಮಪತ್ರದ ಪ್ರಕಾರ, ಬೇಕಾದವನು ತನಗೆ ಬೇಕೆಂದು ಐಜಿಎಂಪಿ ಸಂದೇಶದಲ್ಲಿ ರೂಟರಿಗೆ ಹೇಳಬೇಕು. ಸ್ವಿಚ್ಚು ಆ ಮಾತನ್ನು ನಡುದಾರಿಯಲ್ಲಿ ಕದ್ದು ಕೇಳಿ, ಕೇಳಿದ ಪೋರ್ಟಿಗಷ್ಟೇ ಬಿಡುತ್ತದೆ. ಇನ್ನೊಬ್ಬರ ಲಕೋಟೆ ಒಡೆದು ಓದುವ ಕೆಲಸವೇ ಸರಿ, ಆದರೆ ಒಳ್ಳೆಯ ಕಳ್ಳತನ. 2006ರ ಆರ್‌ಎಫ್‌ಸಿ 4541 ಇದಕ್ಕೊಂದು ಶಿಸ್ತು ಸೂಚಿಸಿತು. ಅದು ಬರೀ ಸಲಹೆ, ಕಟ್ಟಳೆಯಲ್ಲ.

ನನ್ನ ತಕರಾರು ಸ್ನೂಪಿಂಗ್ ಮೇಲಲ್ಲ, ಅದನ್ನು ಅರ್ಧ ಹಾಕಿ ಎದ್ದುಹೋಗುವ ರೂಢಿಯ ಮೇಲೆ. ಯಾರಿಗೆ ಇನ್ನೂ ಬೇಕು ಎಂದು 125 ಸೆಕೆಂಡಿಗೊಮ್ಮೆ ಕೂಗಿ ಕೇಳುವ ಕ್ವೆರಿಯರ್ ಒಬ್ಬ ಇರಬೇಕು. ಅವನೇ ಕಾಲುವೆಯ ನೀರು ಹಂಚುವ ನೀರುಗಂಟಿ. ಸಾಮಾನ್ಯವಾಗಿ ರೂಟರ್ ಆ ಕೆಲಸ ಮಾಡುತ್ತದೆ. ರೂಟರಿಲ್ಲದ ಜಾಲದಲ್ಲಿ ಯಾವುದಾದರೂ ಸ್ವಿಚ್ಚಿಗೆ ಅದನ್ನು ನಾವೇ ವಹಿಸಬೇಕು. ಮರೆತರೆ ಚಿತ್ರ ಕೂಡಲೇ ಹೋಗುವುದಿಲ್ಲ, ಅದೇ ಮೋಸ. ಜೋಡಣೆಗೆ ಬಂದ ಹುಡುಗ ಟಿವಿ ಹಾಕಿ ತೋರಿಸುತ್ತಾನೆ, ಚಹಾ ಕುಡಿದು ಬೈಕ್ ಹತ್ತುತ್ತಾನೆ. 260 ಸೆಕೆಂಡಿಗೆ ಸ್ವಿಚ್ಚಿನ ನೆನಪು ಅಳಿಸಿ ಪರದೆ ಕಲ್ಲಾಗುತ್ತದೆ. ಮರಳಿ ಬಂದವನು ಸ್ನೂಪಿಂಗನ್ನೇ ಆರಿಸುತ್ತಾನೆ, ಚಿತ್ರ ಬರುತ್ತದೆ, ಎಲ್ಲರೂ ಮೆಚ್ಚುತ್ತಾರೆ. ನೀರು ಮತ್ತೆ ಶೇಂಗಾ ಹೊಲಕ್ಕೆ. ಕ್ವೆರಿಯರ್ ಇಬ್ಬರಿದ್ದರೆ ಚಿಕ್ಕ ಐಪಿ ವಿಳಾಸದವನೇ ಯಜಮಾನ. ಮೂಲೆಯಲ್ಲಿ ಧೂಳು ತಿನ್ನುವ ಹಳೆಯ ಪೆಟ್ಟಿಗೆಗೂ ಹೀಗೆ ಪಟ್ಟ ಸಿಕ್ಕೀತು.

ಪೋರ್ಟಿನ ಮಟ್ಟದಲ್ಲಿ ಫಾಸ್ಟ್ ಲೀವ್ ಎಂಬುದೊಂದಿದೆ. ಬೇಡವೆಂದ ಕೂಡಲೇ, ಮರುಮಾತಿಲ್ಲದೆ, ಆ ಪೋರ್ಟಿಗೆ ಚಾನೆಲ್ ನಿಲ್ಲಿಸುವುದು. ಒಂದು ಪೋರ್ಟಿಗೆ ಒಂದೇ ಸೆಟ್‌ಟಾಪ್ ಬಾಕ್ಸ್ ಇದ್ದರೆ ಇದಕ್ಕಿಂತ ಚೆಂದದ ಸೆಟ್ಟಿಂಗ್ ಇಲ್ಲ. ಆದರೆ ಎಲ್ಲ ಪೋರ್ಟಿಗೂ ಒಂದೇ ಸಲ ಹಾಕಿಬಿಡುವವರಿದ್ದಾರೆ. ಗದ್ವಾಲ ಸೀರೆಯಲ್ಲಿ ಒಡಲಿನ ಹತ್ತಿಗೂ ಅಂಚಿನ ರೇಷ್ಮೆಗೂ ನೇಕಾರ ಒಂದೇ ಲೆಕ್ಕ ಹಿಡಿಯುತ್ತಾನೆಯೆ? ನಾರಾಯಣಪೇಟೆಯ ಕೂಡುಮನೆಯೊಂದರಲ್ಲಿ ಅಗ್ಗದ ಐದು ಪೋರ್ಟಿನ ಸ್ವಿಚ್ ಸಿಕ್ಕಿಸಿ ಎರಡು ಟಿವಿ ಹಾಕಿದ್ದಾರೆ ಎಂದುಕೊಳ್ಳಿ. ಎರಡರಲ್ಲೂ ಒಂದೇ ಚಾನೆಲ್. ಪಡಸಾಲೆಯಲ್ಲಿ ಮೊಮ್ಮಗ ಚಾನೆಲ್ ತಿರುಗಿಸಿದ. ಒಳಕೋಣೆಯಲ್ಲಿ ಅಜ್ಜಿಯ ಸೀರಿಯಲ್ ನಿಂತಿತು. ಕ್ವೆರಿಯರನ ಮುಂದಿನ ಕೂಗು ಬರುವವರೆಗೆ, ಅಂದರೆ ಎರಡು ನಿಮಿಷದವರೆಗೂ, ಅಜ್ಜಿ ರಿಮೋಟನ್ನು ಅಂಗೈಗೆ ಬಡಿಯುತ್ತ ಕೂರಬೇಕು.