ಹಗ್ಗವಿಲ್ಲದವನ ಲೆಕ್ಕಾಚಾರ

2016ರ ನವೆಂಬರ್. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ, ಒಬ್ಬನೇ ಏರಲು ಹೊರಟ ಅಲೆಕ್ಸ್ ಹಾನಲ್ಡ್ ಒಂದು ಗಂಟೆಯೊಳಗೇ ಪ್ರಯತ್ನ ಕೈಬಿಟ್ಟ. ಸಿನಿಮಾ ತಂಡ ಕ್ಯಾಮೆರಾ ಹಿಡಿದು ಸಜ್ಜಾಗಿತ್ತು. ಆದರೂ ಯಾಕೋ ಮನಸ್ಸು ಒಪ್ಪಲಿಲ್ಲ, ಇಳಿದುಬಿಟ್ಟ.

ಇಂಥವರಿಗೆಲ್ಲ ಥ್ರಿಲ್ಲಿನ ಹುಚ್ಚು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ವಾಡಿಕೆ. ಆ ಮಾತು ಪೂರ್ತಿ ಸುಳ್ಳೇನಲ್ಲ. ಹೊಸ, ತೀವ್ರ ಅನುಭವಗಳಿಗೆ ಯಾರು ಎಷ್ಟು ಹಾತೊರೆಯುತ್ತಾರೆಂದು ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ವಿನ್ ಜುಕರ್‌ಮನ್ 1960ರ ದಶಕದಲ್ಲೇ ರೂಪಿಸಿದ್ದರು. ಅಂಥ ಪರೀಕ್ಷೆಯಲ್ಲಿ ಹಾನಲ್ಡ್ ಪಡೆದ ಅಂಕ ಸಾಮಾನ್ಯರಿಗಿಂತ ಬಹಳ ಹೆಚ್ಚು. ನರವಿಜ್ಞಾನಿ ಜೇನ್ ಜೋಸೆಫ್ ಅವನನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಎದೆ ಝಲ್ಲೆನಿಸುವ ಚಿತ್ರಗಳನ್ನು ತೋರಿಸಿದಾಗ, ಭಯಕ್ಕೆ ಸ್ಪಂದಿಸಬೇಕಾದ ಮೆದುಳಿನ ಭಾಗವಾದ ಅಮಿಗ್ಡಲಾ ತೆಪ್ಪಗಿತ್ತು. ಹೋಲಿಕೆಗೆಂದು ಪರೀಕ್ಷಿಸಿದ ಇನ್ನೊಬ್ಬ ಬಂಡೆಯೇರುಗನಲ್ಲಿ ಅದೇ ಭಾಗ ಚುರುಕಾಗಿತ್ತು.

ಹಾಗಾದರೆ ಇವನು ಭಯವೇ ಇಲ್ಲದವನೆ? ಅದೇ ಪರೀಕ್ಷೆಗಳು ಇನ್ನೊಂದನ್ನೂ ಹೇಳಿದವು: ಶಿಸ್ತು, ಮುಂದಾಲೋಚನೆ ವಿಪರೀತ, ದುಡುಕು ತೀರಾ ಕಡಿಮೆ.

ಸಂಶೋಧಕರಾದ ಮ್ಯಾಥ್ಯೂ ಬಾರ್ಲೊ, ಟಿಮ್ ವುಡ್‌ಮನ್, ಲ್ಯೂ ಹಾರ್ಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ವಿಮಾನದಿಂದ ಜಿಗಿಯುವ ಸ್ಕೈಡೈವರ್‌ಗಳನ್ನು ಸೆಳೆಯುವುದು ರೋಮಾಂಚನವೇ. ಪರ್ವತಾರೋಹಿಗಳ ಕಥೆ ಬೇರೆ. ಅವರಿಗೆ ಬೇಕಿದ್ದದ್ದು ತಮ್ಮ ಭಾವನೆ, ತಮ್ಮ ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಅನುಭವ. ಯೋಚಿಸಿದರೆ ಸರಿಯೇ. ವಾರಗಟ್ಟಲೆ ಚಳಿ, ತಲೆನೋವು, ಡೇರೆಯೊಳಗಿನ ಬೇಸರ. ಇದರಲ್ಲಿ ಥ್ರಿಲ್ ಎಷ್ಟು ಹೊತ್ತಿನದು?

ಹಾನಲ್ಡ್‌ನ ಅತೃಪ್ತಿಯೂ ಇದನ್ನೇ ಹೇಳುತ್ತದೆ. 2008ರಲ್ಲಿ ಅವನು ಅದೇ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಹಗ್ಗವಿಲ್ಲದೆ ಏರಿದ. ತುದಿಗೆ ಸ್ವಲ್ಪವೇ ಉಳಿದಿದ್ದಾಗ ನುಣುಪಾದ ಬಂಡೆಯಲ್ಲಿ ಕಾಲಿನ ಮೇಲೆ ನಂಬಿಕೆ ಬಾರದೆ ದಿಗಿಲುಬಿದ್ದು ನಿಂತುಬಿಟ್ಟಿದ್ದ. ಜಗತ್ತು ಚಪ್ಪಾಳೆ ತಟ್ಟಿತು. ಅವನಿಗೆ ಮಾತ್ರ ಅದೃಷ್ಟದಿಂದ ಪಾರಾದೆನೆಂಬ ಕಸಿವಿಸಿ. ಥ್ರಿಲ್ಲೇ ಬೇಕಾಗಿದ್ದರೆ ಅದಕ್ಕಿಂತ ದೊಡ್ಡ ಥ್ರಿಲ್ ಯಾವುದಿತ್ತು?

ಈ ಆಟದ ರುಚಿ ಬಲ್ಲವರು ಸವಿಯುವುದು ಎಲ್ ಕ್ಯಾಪಿಟನ್ ಏರುವ ಮುಂಚಿನ ತಯಾರಿಯನ್ನು. ಹಾನಲ್ಡ್ ಫ್ರೀರೈಡರ್ ಎಂಬ ಆ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿದ; ಕಾಲಿಗೆ ಸಿಕ್ಕರೆ ಉದುರಬಹುದಾದ ಸಡಿಲ ಕಲ್ಲುಗಳನ್ನು ಬೆನ್ನುಚೀಲಕ್ಕೆ ತುಂಬಿ ಕೆಳಗಿಳಿಸಿದ; ಕೈಕಾಲಿನ ಒಂದೊಂದು ಚಲನೆಯನ್ನೂ ಬಾಯಿಪಾಠ ಮಾಡಿದ. ನೆಲದಿಂದ ಸುಮಾರು 2,000 ಅಡಿ ಮೇಲೆ, ಎಡಗಾಲನ್ನು ಕರಾಟೆ ಒದೆತದಂತೆ ಚಾಚಿ ಎದುರಿನ ಗೋಡೆಗೆ ಊರಬೇಕಾದ ಒಂದು ಜಾಗವಿದೆ. ಆ ಒಂದು ಒದೆತಕ್ಕಾಗಿ ವರ್ಷವಿಡೀ ರಾತ್ರಿ ಹೊತ್ತು ಕಾಲು ಚಾಚುವ ವ್ಯಾಯಾಮ ಮಾಡಿದ. ನವೆಂಬರಿನಲ್ಲಿ ಇಳಿದುಬಂದದ್ದೂ ಈ ತಯಾರಿಯದೇ ಭಾಗ. ಭಯವನ್ನು ನುಂಗಿಕೊಂಡು ಮುಂದುವರಿಯುವುದು ಅವನಿಗೆ ಬೇಕಿರಲಿಲ್ಲ. ಭಯಕ್ಕೆ ಕಾರಣವೇ ಉಳಿಯದ ದಿನಕ್ಕೆ ಕಾದ.

2017ರ ಜೂನ್ 3ರಂದು ಆ ದಿನ ಬಂತು. ಸುಮಾರು 3,000 ಅಡಿಯ ಬಂಡೆ, 3 ಗಂಟೆ 56 ನಿಮಿಷ. ಕೆಳಗಿಳಿದ ಮೇಲೆ ಅವನ ಮುಂದಿದ್ದ ಕೆಲಸ ಬೆರಳುಗಳಿಗೆ ಬಲ ಬರಲೆಂದು ಹಲಗೆಗೆ ಜೋತುಬೀಳುವ ಕಸರತ್ತು. ದಿನ ಬಿಟ್ಟು ದಿನ ಮಾಡುವ ಅಭ್ಯಾಸ. ಅಂದು ಅದರ ಸರದಿಯಿತ್ತು.