ಹಸಿರು ಪುಸ್ತಕ, ಒಣ ನೆಲ

ಹಸಿರು ಬದುಕು ನಡೆಸಬೇಕಾದರೆ ಯಾವ ಪುಸ್ತಕ ಓದಬೇಕು ಅಂತ ನಮ್ಮ ವಾಚನಾಲಯದ ಹುಡುಗರು ಕೇಳತಾರೆ. ಮಾಸ್ತರರು ಈ ಕೆಲಸ ನನ್ನ ಕೊರಳಿಗೆ ಕಟ್ಟಿದರು. ನಾನು ಏಳನೆಯ ಇಯತ್ತೆ ಕಲಿತವನು, ಒಕ್ಕಲುತನ ಮಾಡುವವನು, ಹಂತಿ ಪದ ಹಾಡುವವನು. ಪುಸ್ತಕ ತೂಗಲಿಕ್ಕೆ ನನ್ನ ಹತ್ತಿರ ಇರುವುದು ಒಂದೇ ತಕ್ಕಡಿ. ಆ ಮಾತು ನಮ್ಮ ಜತ್ತ ಸೀಮೆಯ ಹೊಲದಾಗ ನಡೀತದೋ, ನಮ್ಮ ಮನೆಯ ಹೆಣ್ಣುಮಕ್ಕಳ ಮೈಗೆ ಭಾರ ಆಗತದೋ, ಇಷ್ಟೇ ನೋಡುವುದು.

ಮೊದಲು ಒಂದು ಜಾತಿಯ ಪುಸ್ತಕವನ್ನು ಬದಿಗೆ ಇಡತೇನೆ. ನಲ್ಲಿ ಬಿಗಿಯಾಗಿ ತಿರುವಿರಿ, ದೀಪ ಆರಿಸಿರಿ, ಕಾರು ಬಿಟ್ಟು ಸೈಕಲ್ ಏರಿರಿ ಅಂತ ಪಟ್ಟಿ ಕೊಡುವ ಪುಸ್ತಕಗಳು. ಅವು ಸುಳ್ಳಲ್ಲ. ಆದರೆ ನಲ್ಲಿ ತಿರುವಬೇಕಾದರೆ ಮೊದಲು ನೀರು ಬರಬೇಕಲ್ಲ! ಬೇಸಿಗೆಯಾಗ ಟ್ಯಾಂಕರಿನ ಮುಂದೆ ಕೊಡ ಸಾಲು ಹಚ್ಚಿದ ಮಂದಿಗೆ ನೀರಿನ ಮಿತವ್ಯಯ ಕಲಿಸುವುದು, ಉಪವಾಸ ಇದ್ದವನಿಗೆ ಪಥ್ಯ ಹೇಳಿದಂಗ. ಹಂಗಂತ ನಾವೇನು ಎಲ್ಲಾ ಶುದ್ಧ ಅಲ್ಲ. ಗುಟಕಾದ ಚೀಟಿ, ಹರಿದ ಡ್ರಿಪ್ ಪೈಪು, ದ್ರಾಕ್ಷಿ ತೋಟದ ಔಷಧದ ಖಾಲಿ ಡಬ್ಬಿ ನಮ್ಮ ಹಳ್ಳದಾಗೂ ಬಿದ್ದಿವೆ. ಆ ಡಬ್ಬಿಯ ಮಾತು ಆ ಪಟ್ಟಿಯೊಳಗ ಬರುವುದಿಲ್ಲ, ಯಾಕಂದರ ಅದು ಪಟ್ಟಣದ ಮನೆಗೆ ಬರೆದದ್ದು.

ಇನ್ನು ಎಲ್ಲರೂ ಹೇಳುವ ಪುಸ್ತಕ ಜಪಾನಿನ ಮಸಾನೊಬು ಫುಕುವೋಕಾ ಅವರದು. ಮೂಲ ಬಂದದ್ದು 1975ರಲ್ಲಿ. ಕನ್ನಡದಾಗ ‘ಒಂದು ಹುಲ್ಲಿನ ಕ್ರಾಂತಿ’ ಅಂತ ಬಂದಿದೆ. ಅವರು ಸಸ್ಯರೋಗ ಕಲಿತವರು, ಸರಕಾರಿ ನೌಕರಿ ಬಿಟ್ಟು ಶಿಕೋಕು ದ್ವೀಪದ ತಮ್ಮ ಹಳ್ಳಿಗೆ ಬಂದು ಒಕ್ಕಲುತನ ಹಿಡಿದವರು. 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹೇಳುವುದು ನಾಲ್ಕು ಮಾತು: ನೆಲ ಉಳಬ್ಯಾಡ, ಗೊಬ್ಬರ ಹಾಕಬ್ಯಾಡ, ಕಳೆಯನ್ನು ಉತ್ತು ಅಥವಾ ಔಷಧ ಹೊಡೆದು ಕೊಲ್ಲಬ್ಯಾಡ, ವಿಷ ಮುಟ್ಟಬ್ಯಾಡ. ಭತ್ತದ ಪೈರು ಇನ್ನೂ ನಿಂತಿರುವಾಗಲೇ ಮುಂದಿನ ಬೆಳೆಯ ಕಾಳು ಚೆಲ್ಲುತ್ತಿದ್ದರು, ಭತ್ತ ಕೊಯ್ದ ಮೇಲೆ ಹುಲ್ಲನ್ನು ಕತ್ತರಿಸದೆ ತಿರುಗಿ ನೆಲಕ್ಕೇ ಹಾಸುತ್ತಿದ್ದರು.

ಓದಲಿಕ್ಕೆ ಬಹಳ ಚಂದ. ಆದರೆ ನಮ್ಮ ಹಿಂಗಾರಿ ಜೋಳದ ಹೊಲದಾಗ ಎರಡು ಕಡೆ ಕಾಲು ಎಡವತದ.

ಒಂದನೆಯದು ಹುಲ್ಲು. ಅವರಿಗೆ ಹುಲ್ಲು ನೆಲದ ಊಟ, ನಮಗೆ ಕಣಿಕೆ ದನದ ಊಟ. ಸೋಲಾಪುರ ಜಿಲ್ಲೆಯ ಮೋಹೋಳದಿಂದ ಬಂದ ಮಾಲದಂಡಿ ಜೋಳವನ್ನು ನಮ್ಮ ಮಂದಿ ಇವತ್ತಿಗೂ ಬಿಟ್ಟಿಲ್ಲ ಅಂದರೆ, ರೊಟ್ಟಿಯ ರುಚಿ ಒಂದೇ ಕಾರಣ ಅಲ್ಲ, ಎತ್ತರದ ದಂಟು, ಒಳ್ಳೆಯ ಕಣಿಕೆ. ಬರಗಾಲದಾಗ ಕಣಿಕೆ ಇಲ್ಲದವನು ಎತ್ತು ಮಾರತಾನೆ. ಒಂದು ಕಣಿಕೆಗೆ ದನ, ಒಲೆ, ಗುಡಿಸಲ ಮಾಡು, ನೆಲ ಅಂತ ನಾಲ್ಕು ಬಾಯಿ. ಯಾರ ಬಾಯಿಂದ ಕಸಿದು ನೆಲಕ್ಕೆ ಹಾಕಬೇಕು ಅನ್ನುವುದನ್ನು ಆ ಪುಸ್ತಕ ಹೇಳುವುದಿಲ್ಲ. ಮಳೆ ಧಾರಾಳ ಇರುವ ಸೀಮೆಯಾಗ ಆ ಪ್ರಶ್ನೆ ಏಳುವುದೂ ಇಲ್ಲ.

ಎರಡನೆಯದು ಉಳುಮೆ. ನಮ್ಮ ಎರಿ ಭೂಮಿ ಆರಿತು ಅಂದರೆ ಬಾಯಿ ಬಿಡತದ. ಆ ಬಿರುಕಿನೊಳಗಿಂದ ಕೆಳಗಿನ ಹಸಿಯೆಲ್ಲಾ ಗಾಳಿಗೆ ಹೋಗತದ. ಅದಕ್ಕೇ ಎಡಿಕುಂಟಿ ಹೊಡೆದು ಮೇಲಿನ ಮಣ್ಣು ಸಡಿಲು ಮಾಡಿ ಬಿರುಕು ಮುಚ್ಚುತ್ತೇವೆ. ಎಡಿ ಹೊಡೆದರೆ ಅರ್ಧ ನೀರು ಹಾಯಿಸಿದಂಗ ಅಂತ ಹಿರಿಯರು ಹೇಳುವುದು ಇದಕ್ಕೇ. ಮೈಮೇಲೆ ಹೊದಿಕೆ ಇದ್ದ ನೆಲಕ್ಕೆ ಕುಂಟಿ ಬ್ಯಾಡ, ಖರೆ. ಹೊದಿಕೆಗೆ ಹುಲ್ಲೇ ಉಳಿಯದ ನೆಲಕ್ಕೆ ಕುಂಟಿಯೇ ಹೊದಿಕೆ.

ಆದರೂ ಈ ಪುಸ್ತಕ ಓದಿರಿ ಅಂತೇನೆ, ಅದರಾಗಿನ ಒಂದು ಪ್ರಸಂಗಕ್ಕಾಗಿ. ಫುಕುವೋಕಾ ಹರೆಯದಾಗ ತಂದೆಯ ಕಿತ್ತಳೆ ತೋಟವನ್ನು ಸವರದೆ ಹಂಗೇ ಬಿಟ್ಟರು. ಕೊಂಬೆ ಒಂದಕ್ಕೊಂದು ಹೆಣೆದು, ಹುಳ ಬಿದ್ದು, ಗಿಡ ಒಣಗಿದವು. ಸಹಜ ಬೇಸಾಯ ಬೇರೆ, ಕೈಬಿಡುವುದು ಬೇರೆ ಅಂತ ಅವರೇ ಬರೆದಿದ್ದಾರೆ. ‘ಏನೂ ಮಾಡಬ್ಯಾಡ’ ಅನ್ನುವುದನ್ನು ಸೋಮಾರಿತನದ ಪರವಾನಗಿ ಅಂತ ತಿಳಿಯುವವರಿಗೆ ಇದು ಒಳ್ಳೆಯ ಉತ್ತರ. ಅವರಿಂದ ನಾವು ತರಬೇಕಾದದ್ದು ಭತ್ತದ ಪದ್ಧತಿ ಅಲ್ಲ, ‘ಇದು ಮಾಡದಿದ್ದರೆ ಏನಾಗತದ?’ ಅಂತ ಕೇಳುವ ಚಾಳಿ. ಕಬ್ಬಿನ ರವದಿಗೆ ಬೆಂಕಿ ಹಚ್ಚದಿದ್ದರೆ ಏನಾಗತದ? ದನ ತಿನ್ನದ ತೊಗರಿ ಉದುರೆಲೆ ಹೊಲದಾಗೇ ಬಿಟ್ಟರೆ ಏನಾಗತದ? ಇದಕ್ಕೆ ರೊಕ್ಕ ಬೇಕಿಲ್ಲ, ದನದ ಬಾಯಿಂದ ಕಸಿಯಬೇಕಾಗಿಲ್ಲ.

ಎರಡನೆಯ ಪುಸ್ತಕ ಅನುಪಮ ಮಿಶ್ರ ಅವರ ‘ಆಜ್ ಭೀ ಖರೇ ಹೈಂ ತಾಲಾಬ್’. 1993ರಲ್ಲಿ ಹಿಂದಿಯಲ್ಲಿ ಬಂತು. ಯಾರು ಬೇಕಾದರೂ ಅಚ್ಚು ಹಾಕಿರಿ ಅಂತ ಹಕ್ಕು ಬಿಟ್ಟುಕೊಟ್ಟರು. ಕೆರೆಯ ಮಾತು ಕೆರೆಯ ನೀರಿನಂಗ ಎಲ್ಲರದೂ ಆಯಿತು. ನಮ್ಮ ಮಾಸ್ತರರು ಓದಿ ಅರ್ಥ ಹೇಳಿದರು. ಕೆರೆ ಅಂದರೆ ತೋಡಿದ ಕುಣಿ ಅಲ್ಲ ಅನ್ನುವುದು ಅದರ ಜೀವಾಳ. ನೀರು ಹರಿದು ಬರುವ ಬಯಲು, ಏರಿ, ಕೋಡಿ, ಹೂಳು ತೆಗೆಯುವ ವರ್ಷದ ಕೆಲಸ, ಇವಿಷ್ಟೂ ಕೂಡಿ ಕೆರೆ. ನೀರು ಬರುವ ಬಯಲನ್ನು ಹೊಲಸು ಮಾಡದೆ ಕಾಯುತ್ತಿದ್ದರು. ನಾವು ಕೆರೆ ಬತ್ತಿತು ಅಂತ ಅಳತೇವೆ, ಆದರೆ ಆ ಬಯಲಿನಾಗ ಯಾರು ಒಡ್ಡು ಹಾಕಿದರು, ಯಾರು ಮುರುಮು ತೆಗೆದರು ಅಂತ ಕೇಳುವುದಿಲ್ಲ. ಇದಕ್ಕಾಗಿಯೇ ಈ ಪುಸ್ತಕ ಪ್ರತಿ ಊರಿಗೆ ಬೇಕು.

ನನ್ನ ತಕರಾರು ಒಂದಿದೆ. ಕೆರೆ ಕಟ್ಟಿದ ಕೈಗಳನ್ನು ಅವರು ಮನಸಾರೆ ಹೊಗಳಿದ್ದಾರೆ. ಆದರೆ ಆ ನೀರು ಮುಟ್ಟಬಾರದು ಅಂತ ತಡೆದ ಕಥೆಗೆ ಅಷ್ಟು ಜಾಗ ಕೊಟ್ಟಿಲ್ಲ. ನಮ್ಮ ಇದೇ ಮಹಾರಾಷ್ಟ್ರದಾಗ, ಮಹಾಡದ ಚವದಾರ ಕೆರೆಯ ನೀರು ಕುಡಿಯಲಿಕ್ಕೆ 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಮಂದಿಯನ್ನು ಕರಕೊಂಡು ಹೋಗಬೇಕಾಯಿತು. ಹಳೆಯದೆಲ್ಲಾ ಹಸಿರು ಅನ್ನುವ ಮುಂಚೆ ಇದನ್ನೂ ನೆನೆಯಬೇಕು. ನಮ್ಮ ಜನಪದರು ಇದರಾಗ ಪುಸ್ತಕಕ್ಕಿಂತ ಮುಂದೆ ಇದ್ದಾರೆ. ‘ಕೆರೆಗೆ ಹಾರ’ ಹಾಡು ಕೆರೆಯನ್ನು ಬರೇ ಹೊಗಳುವುದಿಲ್ಲ. ನೀರು ಬರಲಿ ಅಂತ ಕಿರಿಯ ಸೊಸೆ ಭಾಗೀರಥಿಯನ್ನು ಕೊಟ್ಟರು ಅಂತ ಹಾಡಿ ಅಳತದ. ಯಾರ ಜೀವದ ಮೇಲೆ ನೀರು ನಿಂತಿತು ಅನ್ನುವುದನ್ನು ಅದು ಮರೆತಿಲ್ಲ.

ಅದೇ ಮಾತು ಅಡುಗೆಮನೆಗೂ ಸಲ್ಲತದ. ಬೀಸುವ ಕಲ್ಲು ಒಳ್ಳೆಯದು, ಕಟ್ಟಿಗೆ ಒಲೆಯ ರೊಟ್ಟಿ ರುಚಿ ಅಂತ ಬರೆಯುವವರು ಬಹುಪಾಲು ಗಂಡಸರು. ಬೀಸುವ ಪದ ಕೇಳಿ ತಲೆದೂಗುವವರಿಗೆ ನಾನು ಹೇಳುವುದಿಷ್ಟು: ಆ ಪದ ಹುಟ್ಟಿದ್ದು ನಸುಕಿನಾಗ, ತೋಳು ಸೋತಾಗ. ನಮ್ಮ ಅವ್ವ-ಅಕ್ಕಂದಿರು ಗಿರಣಿ ಬಂದಾಗ ಅಳಲಿಲ್ಲ. ಹಾಡು ಉಳಿಯಲಿ, ಕಲ್ಲು ಅವರ ಕೈಗೆ ತಿರುಗಿ ಬರುವುದು ಬ್ಯಾಡ. ಹಸಿರಿನ ಭಾರ ಹೆಣ್ಣುಮಕ್ಕಳ ಹೆಗಲಿಗೆ ಬಂದರೆ ಅದು ಹಸಿರಲ್ಲ.

ಮೂರನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’. ಮಲೆನಾಡಿನ ಕಾಡು, ಹಕ್ಕಿ, ಕಿವಿ ಅನ್ನುವ ನಾಯಿ, ತಂಟೆಕೋರ ಮಂದಿ. ನಮ್ಮ ಮುಳ್ಳುಕಂಟಿಯ ನಾಡಿಗೂ ಅದಕ್ಕೂ ಬಹಳ ದೂರ. ಆದರೂ ಸಾಲಿ ಮಕ್ಕಳು ಕೈಯಿಂದ ಕೆಳಗೆ ಇಡದೆ ಓದುವುದು ಇದನ್ನೇ. ಅವರು ಉಪದೇಶ ಮಾಡುವುದಿಲ್ಲ, ನಗಿಸತಾರೆ. ನಕ್ಕ ಮಕ್ಕಳು ಮರುದಿನ ಗಿಡದ ಕೆಳಗೆ ನಿಂತು ಗೂಡು ನೋಡತಾರೆ. ಮನೆಯಾಗ ಮೊದಲು ಓದಿಸಬೇಕಾದ ಪುಸ್ತಕ ಇದು.

ಹಿಂಗಾಗಿ ನನ್ನ ಶಿಫಾರಸು: ಮಕ್ಕಳಿಗೆ ತೇಜಸ್ವಿ, ಊರ ಪಂಚರಿಗೆ ಮಿಶ್ರ, ಒಕ್ಕಲಿಗರಿಗೆ ಫುಕುವೋಕಾ. ಆದರೆ ಮಳೆ ಕಡಿಮೆ ಇದ್ದ ಎರಿ ಭೂಮಿಯ ಒಕ್ಕಲುತನ, ಮಡಿಕೆ-ಹುರುಳಿ-ಸಜ್ಜೆಯ ಅಕ್ಕಡಿ, ಬೀಜ ಕಾಯುವ ಬೂದಿ, ಬಾವಿಯ ಸೆಲೆ, ಇವನ್ನೆಲ್ಲಾ ನಮ್ಮ ಸೀಮೆಯ ಮಾತಿನಾಗ ಹೇಳಿದ ಪುಸ್ತಕ ನಮ್ಮ ಕಪಾಟಿನಾಗ ಒಂದೂ ಇಲ್ಲ. ಬಲ್ಲ ಮುದುಕಿಯರು ಇನ್ನೂ ಕಟ್ಟೆಯ ಮೇಲೆ ಕುಂತಿದ್ದಾರೆ. ಮಾಸ್ತರರೇ, ಮಕ್ಕಳ ಕೈಗೆ ಒಂದು ವಹಿ, ಒಂದು ಪೆನ್ನು ಕೊಟ್ಟು ಅವರ ಹತ್ತಿರ ಕಳಿಸಿರಿ. ಈ ದೀಪಾವಳಿ ಸೂಟಿಯೊಳಗೇ ಕಳಿಸಿರಿ.